ಸೂಜಿ ತೊಳೆದ ಕೈಯಲ್ಲೀಗ ಗುಳಿಗೆಯ ಡಬ್ಬಿ

ಬೆಳಗಿನ ಐದೂ ಮುಕ್ಕಾಲು. ಜನವರಿಯ ಚಳಿಗೆ ಒಲೆಗಳ ಹೊಗೆ ಮೇಲೇರಲಾರದೆ ತಗಡಿನ ಮಾಡುಗಳ ಮೇಲೇ ಕೂತಿದೆ. ಗುರುಶಾಂತವ್ವ ತಲೆಗೆ ಟಾವೆಲ್ ಸುತ್ತಿಕೊಂಡು, ಕೈಯಲ್ಲೊಂದು ಸ್ಟೀಲಿನ ಊಟದ ಡಬ್ಬಿ ಹಿಡಿದು ಓಣಿಯಲ್ಲಿ ನಡೆಯುತ್ತಿದ್ದಾರೆ. ಡಬ್ಬಿಯಲ್ಲಿ ಊಟವಿಲ್ಲ. ಗುಳಿಗೆಯ ಬಾಟಲಿಗಳಿವೆ, ಜತೆಗೆ ಮೂಲೆ ಮಡಚಿದ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್ಲು. ಮೂರನೆಯ ಮನೆಯ ಮುಂದೆ ನಿಂತು ಮೆಲ್ಲಗೆ ಕರೆಯುತ್ತಾರೆ.

"ಕಾಂಚನಾ, ಎದ್ದಿಯೇನವಾ?"

"ಎದ್ದೇನ್ರಿ ಅತ್ತಿ. ರೊಟ್ಟಿ ಬಡಿಯಾಕತ್ತೇನಿ."

"ರೊಟ್ಟಿ ಆಮ್ಯಾಲ. ಮೊದಲ ಇದನ್ನ ನುಂಗು. ಟೆಂಪೊ ಬಂತಂದ್ರ ನಿನಗ ನೆನಪ ಉಳಿಯೂದಿಲ್ಲ."

ಇಪ್ಪತ್ನಾಲ್ಕರ ಕಾಂಚನಾ ಹಿಟ್ಟಿನ ಕೈ ಹಿಂದಕ್ಕೆ ಕಟ್ಟಿಕೊಂಡು ಮಗುವಿನಂತೆ ಬಾಯಿ ತೆರೆಯುತ್ತಾಳೆ. ಗುರುಶಾಂತವ್ವ ಗುಳಿಗೆ ಹಾಕಿ, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡಿ, ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಾರೆ. ಐವತ್ತೊಂದನೆಯ ಗೀಟು. ಎಂಬತ್ತನಾಲ್ಕು ಆಗಬೇಕು. ಏಳು ಗಂಟೆಗೆ ದ್ರಾಕ್ಷಿ ಬಾಗಕ್ಕೆ, ಅಂದರೆ ತೋಟಕ್ಕೆ, ಆಳುಗಳನ್ನು ಒಯ್ಯುವ ಟೆಂಪೊ ಬರುತ್ತದೆ. ಅಷ್ಟರಲ್ಲಿ ಇನ್ನೊಂದು ಮನೆಗೂ ಹೋಗಿ ಗುಳಿಗೆ ನುಂಗಿಸಿ, ತಮ್ಮ ಬುತ್ತಿ ಕಟ್ಟಿಕೊಂಡು ಅದೇ ಟೆಂಪೊ ಹತ್ತಬೇಕು. ಗುರುಶಾಂತವ್ವನೂ ಬಾಗದ ಆಳೇ.

ಮಿರಜದಿಂದ ಪೂರ್ವಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು ಬಂದು, ದಾರಿ ಕವಲೊಡೆಯುವ ಫಾಟಾದಲ್ಲಿ ಇಳಿದು, ಮೂರು ಕಿಲೋಮೀಟರು ನಡೆದರೆ ಈ ವಸ್ತಿ. ನಲವತ್ತಾರು ಮನೆ, ಇನ್ನೂರರ ಮೇಲೆ ಜನ. ಹೆಚ್ಚಿನವರು ಗಡಿಯಾಚೆಯ ಕರ್ನಾಟಕದಿಂದ ಬಾಗಗಳ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಮನೆಯೊಳಗೆ ಕನ್ನಡ, ಬಾಗದ ಮಾಲೀಕರ ಹತ್ತಿರ ಮರಾಠಿ. ಮಳೆಗಾಲದಲ್ಲಿ ನಡುವಿನ ಹಳ್ಳ ತುಂಬಿದರೆ ನಾಲ್ಕು ದಿನ ಆಚೆ ದಡಕ್ಕೆ ದಾರಿಯಿಲ್ಲ. ವಸ್ತಿಯ ಹೆಸರನ್ನು ನಾನು ಬರೆಯುತ್ತಿಲ್ಲ. ಮೊದಲ ಭೇಟಿಯಲ್ಲೇ ಗುರುಶಾಂತವ್ವ ಹಾಕಿದ ಷರತ್ತು ಅದು.

"ಊರ ಹೆಸರು ಬರೀಬ್ಯಾಡ್ರಿ. ಹುಡುಗ್ಯಾರ ಲಗ್ನ ಆಗಬೇಕಾಗೇದ. ನನ್ನ ಹೆಸರು ಬೇಕಾದ್ರ ದೊಡ್ಡದಾಗಿ ಬರೀರಿ. ನಂದೇನ ಇನ್ನ ಲಗ್ನ ಆಗೂದೈತೇನು?" ಎಂದು ನಕ್ಕರು. ಆದ್ದರಿಂದ ಅವರದೊಂದು ಬಿಟ್ಟು ವಸ್ತಿಯ ಉಳಿದವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.

ಗುರುಶಾಂತವ್ವನಿಗೆ ಈಗ ಐವತ್ತೊಂದು. ಹದಿನೇಳಕ್ಕೆ ಲಗ್ನವಾಗಿ ಬಂದವರು. ಗಂಡ ಗುರುಪಾದ ಒಂದು ಬಾಗದ ನೀರಿನ ಮೋಟಾರು ನೋಡಿಕೊಳ್ಳುತ್ತಾರೆ. ಬಂದು ಹಲವು ವರ್ಷಗಳಾದ ಮೇಲೆ, ಬಾಗದಲ್ಲಿ ಬಳ್ಳಿ ಹಬ್ಬಿಸುವ ತಂತಿ ಕಟ್ಟುವಾಗ ಮೇಲಿನಿಂದ ಬಿದ್ದು ಗುರುಶಾಂತವ್ವನ ಬಲಗೈ ಮಣಿಕಟ್ಟು ಮುರಿಯಿತು. ಕೂಡಿದರೂ ಗೊನೆ ಬಿಡಿಸುವಷ್ಟು ಬಲ ಬರಲಿಲ್ಲ, ಬಾಗದಲ್ಲಿ ಹಗುರ ಕೆಲಸವಷ್ಟೇ ಉಳಿಯಿತು. ಆಗ ಕರೆದು ಕೆಲಸ ಕೊಟ್ಟವರು, ವಸ್ತಿಯವರೆಲ್ಲ 'ಕಾಕಾ' ಎನ್ನುತ್ತಿದ್ದ ಒಬ್ಬ ವ್ಯಕ್ತಿ.

ಕಾಕಾ ಓದಿದ ಡಾಕ್ಟರಲ್ಲ. ಹಿಂದೆ ಎಲ್ಲೋ ಕಂಪೌಂಡರ್ ಆಗಿದ್ದರಂತೆ. ವಾರಕ್ಕೆ ಮೂರು ದಿನ ಮೋಟಾರ್‌ಸೈಕಲ್ ಮೇಲೆ ಬಂದು, ಹಳೆಯ ಮೋಟಾರು ಮನೆಯಲ್ಲಿ ಕೂತು, ಜ್ವರಕ್ಕೆ, ಮೈಕೈ ನೋವಿಗೆ, ನಿಶ್ಶಕ್ತಿಗೆ ಸೂಜಿ ಮಾಡುತ್ತಿದ್ದರು. ದಿನವಿಡೀ ಕತ್ತು ಮೇಲೆತ್ತಿ ಬಳ್ಳಿ ಸವರುವವರಿಗೆ ಬೆನ್ನು ನೋವು ತಪ್ಪಿದ್ದಲ್ಲ. ಒಂದು ಸೂಜಿ ಬಿದ್ದರೆ ಮರುದಿನ ಕೆಲಸಕ್ಕೆ ಹೋಗಬಹುದು. ಹಳ್ಳ ತುಂಬಿದಾಗ ಗಾಡಿ ಆಚೆ ನಿಲ್ಲಿಸಿ, ಎದೆಮಟ್ಟ ನೀರಿನಲ್ಲಿ ಚೀಲವನ್ನು ತಲೆ ಮೇಲೆ ಹೊತ್ತು ಬಂದವರು ಅವರು. "ಅಂವಾ ಕೆಟ್ಟಾಂವ ಅಲ್ಲರಿ. ಅದನ್ನೂ ಬರೀರಿ" ಎಂದು ಗುರುಶಾಂತವ್ವ ಎರಡು ಸಲ ಹೇಳಿದರು.

ಅವರ ಕೆಲಸ ಸಿರಿಂಜು ತೊಳೆಯುವುದು. "ಒಲಿ ಮ್ಯಾಲ ಬೋಗೋಣಿಯಾಗ ನೀರು ಕಾಸಿ ಇಡತಿದ್ನಿ. ಒಬ್ಬರಿಗಿ ಮಾಡಿದ ಕೂಡ್ಲೇ ಕಾಕಾ ನನ್ನ ಕೈಗಿ ಕೊಡಾಂವ. ಬಿಸಿ ನೀರು ಎಳದು, ಎರಡ ಸಲ ಚಿಮ್ಮಿ, ಒರಿಸಿ ತಿರಗಿ ಕೊಡತಿದ್ನಿ. ದಿನಾ ಮೂವತ್ತು ನಲವತ್ತು ಮಂದಿ. ಸೂಜಿ ಐದೋ ಆರೋ. ಮೊಂಡ ಆಗಿ ಹುಡುಗೂರು ಚೀರಾಕತ್ರ ಆವಾಗ ಹೊಸಾ ಪಾಕೀಟ ಒಡಿಯಾಂವ. ಬಿಸಿ ನೀರಾಗ ತೊಳದ್ರ ಸ್ವಚ್ಛ ಆತು ಅಂತ ತಿಳಕೊಂಡಿದ್ದಿವಿ. ನಾನೂ, ಅಂವನೂ." ಹೀಗೆ ಹನ್ನೆರಡು ವರ್ಷ. ಕಾಕಾನ ಕೈಯಿಂದ ಗುರುಶಾಂತವ್ವ ತಾವೂ ಎಷ್ಟೋ ಸಲ ಸೂಜಿ ಮಾಡಿಸಿಕೊಂಡರು.

ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ದಾಟುವ ವೈರಸ್ಸು. ಕಣ್ಣಿಗೆ ಕಾಣದಷ್ಟು ರಕ್ತ ಸೂಜಿಯಲ್ಲಿ ಉಳಿದರೂ ಅದಕ್ಕೆ ಸಾಕು. ಒಳಹೊಕ್ಕ ಮೇಲೆ ಹತ್ತು, ಇಪ್ಪತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ಗಟ್ಟಿ ಮಾಡುತ್ತ ಹೋಗುತ್ತದೆ. ಆಳುಮಕ್ಕಳಿಗೆ ಆಯಾಸ ಹೊಸದಲ್ಲ, ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ವಸ್ತಿಗೆ ಅದು ಗೊತ್ತಾದದ್ದು ಧರೆಪ್ಪನಿಂದ. ಧರೆಪ್ಪ ಗುರುಪಾದರ ಅಣ್ಣ. ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ ಒಂದು ಮುಂಜಾನೆ ಬಾಗದಲ್ಲೇ ರಕ್ತ ಕಾರಿಕೊಂಡು ಬಿದ್ದರು. ಮಿರಜಕ್ಕೆ ಒಯ್ದರು. ಮೂರನೆಯ ದಿನ ತೀರಿಕೊಂಡರು. ಕುಡಿತದ ಚಟವಿಲ್ಲದ ಮನುಷ್ಯನ ಯಕೃತ್ತು ಹೀಗೇಕೆ ಕೆಟ್ಟಿತೆಂದು ರಕ್ತ ಪರೀಕ್ಷೆ ಮಾಡಿದಾಗ ಸಿ ವೈರಸ್ಸು ಕಂಡಿತು. ಮರುತಿಂಗಳು ಅದೇ ವಸ್ತಿಯ ಒಬ್ಬ ಬಸುರಿಯ ರಕ್ತದಲ್ಲೂ ಅದೇ ಕಂಡಿತು. ಆಗ ಆರೋಗ್ಯ ತಂಡವೊಂದು ಹಳ್ಳ ದಾಟಿ ಬಂತು.

ತಂಡದ ಡಾಕ್ಟರ್ ಮೃಣಾಲ ಮರಾಠಿ ಮಾತಾಡುವವರು; ವಸ್ತಿಯವರಿಗೆ 'ಡಾಕ್ಟರ್ ಬಾಯಿ', ಅಂದರೆ ಡಾಕ್ಟರಮ್ಮ. ಅಂಗನವಾಡಿಯ ಕಟ್ಟೆಯ ಮೇಲೆ ವಸ್ತಿಯ ಜನರನ್ನು ಕೂಡಿಸಿ ಕೇಳಿದರು: ಸೂಜಿ ಎಲ್ಲಿ ಮಾಡಿಸಿಕೊಳ್ಳುತ್ತೀರಿ? ಸರಕಾರಿ ದವಾಖಾನೆಯಲ್ಲಿ ಎಂದರು ಒಬ್ಬರು. ಹೌದೆಂದರು ಎಲ್ಲರೂ. ಕಾಕಾ ಹಿಂದಿನ ದಿನವೇ ಬಂದು, ತಮ್ಮ ಹೆಸರು ಹೇಳಬೇಡಿರೆಂದು ಕೈಮುಗಿದು ಹೋಗಿದ್ದರು. ಕಾಕಾ ಇಲ್ಲದಿದ್ದರೆ ಹಳ್ಳ ತುಂಬಿದ ದಿನ ಯಾರು?

"ನಾ ಹಿಂದ ಕುಂತಿದ್ನಿ" ಎನ್ನುತ್ತಾರೆ ಗುರುಶಾಂತವ್ವ. "ಬಾಜೂಕ ನಮ್ಮ ನೆಗೆಣ್ಣಿ ರುಕ್ಮವ್ವ, ಧರೆಪ್ಪ ಮಾವನ ಹೆಂಡತಿ. ಗಂಡ ಸತ್ತು ಎರಡ ತಿಂಗಳ ಆಗಿತ್ತು. ಡಾಕ್ಟರ್ ಬಾಯಿ ಹೇಳತಿದ್ರು, ಒಂದ ಸೂಜಿ ಇಬ್ಬರಿಗಿ ಹಾಕಿದ್ರ ಹಿಂಗ ಆಗ್ತದಂತ. ಎಷ್ಟು ಮಂದಿ ಸೂಜಿ ನಾ ತೊಳದೇನಿ! ಎದ್ದ ನಿಂತ್ನಿ. ಮೊದಲ ಕನ್ನಡದಾಗ ಹೇಳಿದ್ನಿ, ನಮ್ಮ ಮಂದಿ ಕೇಳ್ಲಿ ಅಂತ. ಸುಳ್ಳು, ಇಲ್ಲೇ ಮಾಡಿಸ್ಕೋತೇವಿ, ಸೂಜಿ ತೊಳದಾಕಿ ನಾನ ಅಂದ್ನಿ. ಆಮ್ಯಾಲ ಬಾಯಾರಿಗಿ ಮರಾಠಿಯಾಗ ಹೇಳಿದ್ನಿ."

ಅವರೇ ತಂಡದವರನ್ನು ಮೋಟಾರು ಮನೆಗೆ ಕರೆದೊಯ್ದು, ತೊಳೆದು ಒಣಗಿಸಿಟ್ಟ ಸಿರಿಂಜುಗಳ ತಗಡಿನ ಪೆಟ್ಟಿಗೆ ತೋರಿಸಿದರು.

ಮೃಣಾಲರನ್ನು ಮಿರಜದಲ್ಲಿ ಭೇಟಿಯಾದಾಗ ಆ ದಿನದ ಮಾತು ತೆಗೆದೆ. "ತಪ್ಪು ಯಾರದೆಂದು ಹುಡುಕಲು ನಾವು ಹೋಗಿರಲಿಲ್ಲ. ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಿತ್ತು, ಇಲ್ಲದಿದ್ದರೆ ನಿಲ್ಲಿಸುವುದು ಹೇಗೆ? ಆ ಹೆಣ್ಣುಮಗಳು ಸುಮ್ಮನಿದ್ದಿದ್ದರೆ ನಾವು ಅವತ್ತು ಬರಿಗೈಲಿ ವಾಪಸು ಬರುತ್ತಿದ್ದೆವು. ಮೋಟಾರು ಮನೆಯಲ್ಲಿ ಸೂಜಿ ಮುಂದುವರಿಯುತ್ತಿತ್ತು" ಎಂದರು.

ಪರೀಕ್ಷೆಗೆ ಮೊದಲು ಕೈ ಚಾಚಿದವರು ಗುರುಶಾಂತವ್ವ. ವೈರಸ್ಸು ಇತ್ತು. ಗುರುಪಾದರಿಗೆ ಇರಲಿಲ್ಲ. ಅವತ್ತಿನಿಂದ ಕಾಕಾ ಬರುವುದು ನಿಂತಿತು. ವಸ್ತಿಯವರು ಗುರುಶಾಂತವ್ವನೊಡನೆ ಮಾತು ಬಿಟ್ಟರು. ಬಾಗದ ಟೋಳಿಯಿಂದ, ಅಂದರೆ ಆಳುಗಳ ಗುಂಪಿನಿಂದ, ಅವರನ್ನು ಕೈಬಿಟ್ಟರು. ನಳದ ಹತ್ತಿರ ಅವರ ಕೊಡ ಕಂಡರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಮದುವೆಗಳಿಗೆ ಕರೆಯಲಿಲ್ಲ. ಒಂದು ಮಗುವಿಗೆ ರಾತ್ರಿ ಜ್ವರ ನೆತ್ತಿಗೇರಿದಾಗ ತಾಯಿ ಅವರ ಬಾಗಿಲ ಮುಂದೆ ಬಂದು, "ಈಗ ಯಾರ ಹತ್ರ ಹೋಗ್ಲಿ, ನೀನ ಹೇಳು" ಎಂದು ಅತ್ತಳು. ಗುರುಪಾದರು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಫಾಟಾದ ತನಕ ನಡೆದರು. ಮಗು ಉಳಿಯಿತು.

ಎಲ್ಲರಿಗಿಂತ ಗಟ್ಟಿಯಾಗಿ ಬೈದವರು ರುಕ್ಮವ್ವ. ಒಂದೇ ಗೋಡೆಯ ಆಚೆ ಈಚೆ ಎರಡೂ ಮನೆ. "ನನ್ನ ಗಂಡನ್ನ ತಿಂದಾಕಿ ನೀ ಅಂದ್ಲು. ಸುಳ್ಳಂತೂ ಅಲ್ಲ ಅನಸ್ತು. ಮೂರ ವರ್ಷ ಆಕಿ ನನ್ನ ಮುಖಾ ನೋಡಲಿಲ್ಲ."

ಗುಳಿಗೆ ಮಿರಜದ ಸರಕಾರಿ ಚಿಕಿತ್ಸಾ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ದಿನಕ್ಕೊಮ್ಮೆ, ಹನ್ನೆರಡು ವಾರ. ಗುರುಶಾಂತವ್ವ ತಮ್ಮ ಪಾಲಿನದನ್ನು ಮನೆಯೊಳಗೆ ನುಂಗಲಿಲ್ಲ. ದಿನಾ ಮುಂಜಾನೆ ನೀರಿನ ಸರದಿಯ ಹೊತ್ತಿಗೆ ನಳದ ಹತ್ತಿರ ನಿಂತು ಎಲ್ಲರೆದುರು ನುಂಗಿ, ಮನೆಯ ಹೊರಗೋಡೆಯ ಮೇಲೆ ಸುಣ್ಣದಿಂದ ಗೀಟು ಎಳೆಯುತ್ತಿದ್ದರು. "ಬರೇ ನೋಡ್ಲಿ ಅಂತ ಹಂಗ ಮಾಡಿದ್ನಿ. ಸಾಯತೇನೋ ಉಳಿತೇನೋ ಅನ್ನೂದ ಅವರಿಗೂ ತಿಳೀಬೇಕಲ್ಲರಿ?" ಗೀಟು ಮುಗಿದು ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆಯಾಯಿತು. ವೈರಸ್ಸು ಇರಲಿಲ್ಲ. ಆ ವಾರ ಇಬ್ಬರು ಗಂಡಸರು ಹಿತ್ತಲ ಬಾಗಿಲಿಗೆ ಬಂದು, ಯಾರಿಗೂ ಹೇಳಬೇಡವೆಂದು, ತಮ್ಮ ರಕ್ತ ಎಲ್ಲಿ ಕೊಡಬೇಕೆಂದು ಕೇಳಿದರು. ಮುಂದಿನ ತಿಂಗಳು ಹನ್ನೊಂದು ಜನ ಬಂದರು, ಮುಂಬಾಗಿಲಿನಿಂದಲೇ. ಟೋಳಿಯವರೂ ಮತ್ತೆ ಕೆಲಸಕ್ಕೆ ಕರೆದರು.

ಅಂದಿನಿಂದ ಗುಳಿಗೆಯ ಬಾಟಲಿಗಳು ಅವರ ಮನೆಯಲ್ಲೇ ಇರುತ್ತವೆ. ಹಾಗೆಂದು ಕೇಂದ್ರದವರೊಡನೆ ಮಾತಾಗಿದೆ. ತಮ್ಮ ಮನೆಯಲ್ಲಿಟ್ಟರೆ ಬೀಗರ ಕಣ್ಣಿಗೆ ಬೀಳುತ್ತದೆಂಬ ಅಂಜಿಕೆ ಕೆಲವರಿಗೆ. ಸ್ವಲ್ಪ ಹುಷಾರಾದ ಕೂಡಲೇ ಬಿಟ್ಟುಬಿಡುವವರು ಇನ್ನು ಕೆಲವರು. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಓದು ಬರಹ ನಾಲ್ಕನೆಯ ಇಯತ್ತೆಯಷ್ಟೇ, ಆದರೆ ಲೆಕ್ಕ ಬಾಯಲ್ಲಿದೆ. ವಸ್ತಿಯಲ್ಲಿ ಈ ತನಕ ಪರೀಕ್ಷೆಯಾದವರು ಇನ್ನೂರ ನಾಲ್ಕು. ವೈರಸ್ಸು ಕಂಡದ್ದು ನಲವತ್ತೊಂದು ಜನರಲ್ಲಿ. ಗುಣವಾದವರು ಮೂವತ್ತೇಳು, ಗುರುಶಾಂತವ್ವನನ್ನೂ ಸೇರಿಸಿ. ಈಗ ಗುಳಿಗೆ ನುಂಗುತ್ತಿರುವವರು ಇಬ್ಬರು. ಒಬ್ಬಳು ಮುದುಕಿ ಗುಳಿಗೆ ಮುಗಿಯುವ ಮೊದಲೇ ಹೋದಳು. ಉಳಿದವನು ಭೂಷಣ. ಮೂವತ್ತನೆಯ ಗೀಟಿಗೆ ಕಬ್ಬಿನ ಟೋಳಿಯೊಂದಿಗೆ ಹೋದವನು ತಿರುಗಿ ಬಂದಿಲ್ಲ. ಅವನಿಗಾಗಿ ಗುರುಶಾಂತವ್ವ ಅಥಣಿಯ ಕಡೆಯ ಎರಡು ಊರು ತಿರುಗಿದ್ದಾರೆ. "ಫೋನ್ ಹತ್ತೂದಿಲ್ಲ. ಆದ್ರ ಅವನ ಪಾನ ನಾ ಹರದಿಲ್ಲ" ಎಂದು ಆ ಪುಟ ತೆಗೆದು ತೋರಿಸುತ್ತಾರೆ.

ಕಾಂಚನಾ ಬೇರೆ ಊರಿನಲ್ಲಿ ಸೂಜಿ ಮಾಡಿಸಿಕೊಂಡವಳು. ಹೋದ ವರ್ಷ ಇಲ್ಲಿಯ ಒಂದು ಮನೆಗೆ ಸೊಸೆಯಾಗಿ ಬಂದಳು. ವಸ್ತಿಗೆ ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ಗುರುಶಾಂತವ್ವ ಪರೀಕ್ಷೆಗೆ ಒಯ್ಯುತ್ತಾರೆ, ಹಾಗೆ ಗೊತ್ತಾಯಿತು. "ಒಬ್ಬ ಕಾಕಾ ಹೋದ್ರೇನಾತ್ರಿ, ಇನ್ನ ಎಷ್ಟ ಊರಾಗ ಎಷ್ಟ ಕಾಕಾ ಅದಾರೋ" ಎನ್ನುತ್ತಾರೆ. ಸುದ್ದಿ ತಿಳಿದ ದಿನ ಕಾಂಚನಾಳ ಅತ್ತೆ ಅವಳ ತಾಟು, ಲೋಟ ಬೇರೆ ಮಾಡಿದರು. ಗುರುಶಾಂತವ್ವ ಆ ಮನೆಗೆ ಹೋಗಿ, ಜಗಳಾಡದೆ, ಕಾಂಚನಾಳ ತಾಟಿನಲ್ಲೇ ಅವಳ ಜತೆ ಕೂತು ಉಂಡು ಬಂದರು. ಮೂರು ದಿನ ಹಾಗೇ ಮಾಡಿದರು. "ನಾಕನೇ ದಿವಸ ಆಕಿ ಅತ್ತಿನ ಅಂದ್ಲು, ಸಾಕು ಬಿಡವಾ, ನಮ್ಮನ್ಯಾಗ ಜ್ವಾಳ ತೀರತಾವು ಅಂತ" ಎಂದು ಹೇಳುವಾಗ ಅವರಿಗೂ ನಗು, ಪಕ್ಕದಲ್ಲಿದ್ದ ಕಾಂಚನಾಳಿಗೂ ನಗು.

ಕಾಕಾನ ಸುದ್ದಿ ಏನಾಯಿತೆಂದು ಕೇಳಿದೆ. ಅವರು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಕಾಕಾನ ದನಿ. ರಕ್ತ ಎಲ್ಲಿ ನೋಡುತ್ತಾರೆ, ಯಾವ ದಿನ ಹೋಗಬೇಕು ಎಂದಷ್ಟೇ ಕೇಳಿತು. ಎಷ್ಟೋ ಸಲ ಆ ಸೂಜಿ ಕಾಕಾನ ಬೆರಳಿಗೂ ಚುಚ್ಚಿತ್ತು. "ಸಿಕ್ರ ಬಾಯಿಗಿ ಬಂದಂಗ ಬೈಬೇಕಂತ ಮನಸಿನ್ಯಾಗ ಎಷ್ಟ ದಿವಸ ಇಟಗೊಂಡಿದ್ನಿ. ಬೈಗಳ ಬರಲಿಲ್ಲ. ಮಂಗಳವಾರ ಹೋಗು ಕಾಕಾ, ಉಪಾಸ ಹೋಗಬ್ಯಾಡ, ಉಂಡ ಹೋದ್ರ ನಡೀತದ ಅಂದ್ನಿ." ಹೋದರೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಕೇಂದ್ರದಲ್ಲಿ ವಿಚಾರಿಸಲೂ ಇಲ್ಲ. ಒಬ್ಬರ ಕಾಗದ ಇನ್ನೊಬ್ಬರು ನೋಡಬಾರದು ಎಂದು ಅವರೇ ವಸ್ತಿಗೆಲ್ಲ ಹೇಳುತ್ತ ಬಂದವರು.

ಇಷ್ಟೆಲ್ಲ ಆದರೂ ರುಕ್ಮವ್ವ ಮಾತ್ರ ಪರೀಕ್ಷೆಗೆ ಒಪ್ಪಿರಲಿಲ್ಲ. ಹೋದ ಡಿಸೆಂಬರಿಗೂ ಹಿಂದಿನ ಡಿಸೆಂಬರ್. ಒಂದು ಮುಂಜಾನೆ ಗುರುಶಾಂತವ್ವ ಬಾಗಿಲು ತೆಗೆದರೆ ರುಕ್ಮವ್ವ ಅಂಗಳದಲ್ಲಿ ನಿಂತಿದ್ದರು. ಕಾಲು ಬಾತಿದ್ದವು. ನೆಲ ನೋಡುತ್ತ, "ನಂದೂ ರಕ್ತಾ ತೋರಸು" ಎಂದರು. ಇಬ್ಬರೂ ಮಾತಿಲ್ಲದೆ ಫಾಟಾದ ತನಕ ನಡೆದು, ಬಸ್ಸಿನಲ್ಲಿ ಮಾತಿಲ್ಲದೆ ಮಿರಜ ತಲುಪಿದರು. ಯಕೃತ್ತು ಆಗಲೇ ಗಟ್ಟಿಯಾಗಿತ್ತು. ಹನ್ನೆರಡು ವಾರ ಸಾಲದು, ಇಪ್ಪತ್ನಾಲ್ಕು ವಾರ ನುಂಗಬೇಕು ಎಂದರು ಮೃಣಾಲ.

ನೂರಾ ಅರವತ್ತೆಂಟು ಮುಂಜಾನೆ. "ಯಕ್ಕಾ, ತಗೋರಿ ಅಂತಿದ್ನಿ. ಕೈ ಚಾಚಾಕಿ, ನುಂಗಾಕಿ, ಒಳಗ ಹೋಗಾಕಿ. ಅರವತ್ಮೂರನೇ ದಿವಸ, ಬರದೇನಿ ನೋಡ್ರಿ, ಚಾ ಆಗೇದ, ಕುಡದ ಹೋಗು ಅಂದ್ಲು. ಕುಂತ ಕುಡದ್ನಿ. ಮತ್ತೊಂದ ತಿಂಗಳಿಗಿ ಹಿಂಗ ಚಾ ಕುಡಿಯೂ ಮುಂದ ಕೇಳಿದ್ಲು, ಆವಾಗ ನಿನಗ ಗೊತ್ತಿತ್ತೇನ? ಗೊತ್ತಿದ್ದಿಲ್ಲ ಯಕ್ಕಾ, ಗೊತ್ತಾದ ದಿವಸ ಎದ್ದ ನಿಂತ ಹೇಳಿದ್ನಿ, ನೀವ ಬಾಜೂಕ ಇದ್ರಿ ಅಂದ್ನಿ. ಆಕಿ ಹೌದು ಅಂದ್ಲು. ಅಷ್ಟ. ಮತ್ತ ಅದರ ಮಾತ ನಾವಿಬ್ರೂ ತಗದಿಲ್ಲ."

ಕಳೆದ ದಸರಾದ ಹೊತ್ತಿಗೆ ರುಕ್ಮವ್ವನ ರಕ್ತದಲ್ಲಿ ವೈರಸ್ಸು ಇಲ್ಲವೆಂದು ಕಾಗದ ಬಂತು. ಗಟ್ಟಿಯಾದ ಯಕೃತ್ತು ಪೂರ್ತಿ ಮೊದಲಿನಂತಾಗುವುದು ಕಷ್ಟ, ಆರು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು. ತೋರಿಸಲು ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಾರೆ.

ಬಾಗದಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ನಾನು ಕೇಳಿದೆ: ಈ ಕೆಲಸದಲ್ಲಿ ನಿಮಗೆ ಸಮಾಧಾನವೆನಿಸಿದ ದಿನ ಯಾವುದು? ಅವರಿಗೆ ಸತ್ಕಾರ ಸಮಾರಂಭಗಳ ನೆನಪಿಲ್ಲ. ಯಾರೂ ಮಾಡಿಲ್ಲ. ಹಿಂದಿನ ವಾರದ ಸಂಗತಿ ಹೇಳಿದರು.

ಗೊನೆ ಸವರುವಾಗ ಕತ್ತರಿ ತಾಗಿ ರುಕ್ಮವ್ವನ ಅಂಗೈ ಕೊಯ್ದಿತ್ತು. ಇಬ್ಬರೂ ಮಿರಜದ ಒಂದು ಖಾಸಗಿ ದವಾಖಾನೆಗೆ ಹೋದರು. ಗಾಯ ಕಟ್ಟಿದ ನರ್ಸು ಧನುರ್ವಾಯುವಿನ ಸೂಜಿ ತುಂಬಿಕೊಂಡೇ ಒಳಕೋಣೆಯಿಂದ ಬಂದರು. ಆಗ ರುಕ್ಮವ್ವ ತೋಳು ಹಿಂದಕ್ಕೆ ಎಳೆದುಕೊಂಡರು. ಮೂವತ್ತು ವರ್ಷ ಈ ನೆಲದಲ್ಲಿದ್ದೂ ಮರಾಠಿ ಮಾತಾಡಲು ನಾಚುವ ಹೆಂಗಸು. ಅವತ್ತು ಹರಕು ಮುರುಕು ಮರಾಠಿಯಲ್ಲೇ ಹೇಳಿದರಂತೆ: "ಬಾಯೀ, ಮಾಝ್ಯಾ ಸಮೋರ ಫೋಡಾ." ನನ್ನ ಮುಂದೆ ಒಡೆಯಿರಿ.

"ನರ್ಸ್ ಬಾಯಿ ಸಿಟ್ಟಾದ್ರು. ಇದು ಹೊಸಾದ ಐತಿ, ನನ್ನ ಮ್ಯಾಲ ನಂಬಿಗಿ ಇಲ್ಲೇನು ಅಂದ್ರು. ಯಕ್ಕಾ ತೋಳ ಕೊಡಲಿಲ್ಲ. ಕಡೀಗಿ ಅದನ್ನ ಬಿಸಾಕಿ, ಇನ್ನೊಂದ ಪಾಕೀಟ ತಂದು ಆಕಿ ಕಣ್ಣ ಮುಂದನ ಪರ್ರಂತ ಹರದ್ರು."

ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಗುರುಶಾಂತವ್ವ ನನ್ನ ಕಡೆ ನೋಡಿದರು.

"ನಾ ಹೇಳಿಕೊಟ್ಟಿದ್ದಿಲ್ಲರಿ. ಆಕಿನ ಕೇಳಿದ್ಲು."